ಮೆಣಸಿನಕಾಯಿ ರೈತರು ಕಂಪನಿಯ ಗುಂಪಿಗೆ ಸೇರುವುದು ಯಾವಾಗ?

ಬ್ಯಾಡಗಿ ಮೆಣಸಿನಕಾಯಿಯಿಂದ ಓಲಿಯೊರೆಸಿನ್, ಅಂದರೆ ಬಣ್ಣದ ಸಾರ, ತೆಗೆದು ರಫ್ತು ಮಾಡುವವರಿಗೆ ಕೀಟನಾಶಕದ ಉಳಿಕೆಯೇ ದೊಡ್ಡ ತಲೆನೋವು. ಮೂರ್ನಾಲ್ಕು ಕಿಲೋ ಹಣ್ಣು ಒಣಗಿದರೆ ಸಿಗುವುದು ಒಂದು ಕಿಲೋ. ನೀರು ಹಾರುತ್ತದೆ, ಔಷಧ ಬಹುಮಟ್ಟಿಗೆ ಉಳಿಯುತ್ತದೆ. ಸಾರ ತೆಗೆಯುವಾಗ ಅದು ಇನ್ನಷ್ಟು ಸಾಂದ್ರವಾಗಬಹುದು. ಅದಕ್ಕೇ ಹಾವೇರಿ, ಗದಗ, ಕುಂದಗೋಳ ಕಡೆಯ ರೈತರನ್ನು ಕಡಿಮೆ ಎಣ್ಣಿ (ಕೀಟನಾಶಕ) ಹೊಡೆಯುವ ಗುಂಪುಗಳಿಗೆ ಸೇರಿಸುವ ಪ್ರಯತ್ನ ನಡೆಯುತ್ತದೆ. ಕ್ವಿಂಟಲ್‌ಗೆ ಇಷ್ಟು ಹೆಚ್ಚು ಕೊಡುತ್ತೇವೆ ಎಂದರೆ ಎಲ್ಲರೂ ಬರುತ್ತಾರೆ ಎಂದುಕೊಳ್ಳುವ ಕಂಪನಿಗಳು ಎಡವುವುದು ಇಲ್ಲೇ.

ಮಾರುಕಟ್ಟೆಯಲ್ಲಿ ಖರೀದಿದಾರರು ನೋಡುವುದು ಬಣ್ಣ, ಸುಕ್ಕು, ತೇವ. ಉಳಿಕೆ ಕಣ್ಣಿಗೆ ಕಾಣದು. ಎಚ್ಚರದಿಂದ ಬೆಳೆದ ರಾಶಿಗೂ ಪಕ್ಕದ ರಾಶಿಗೂ ಒಂದೇ ರೇಟು. ರೇಟು ಏರಿದ ವರ್ಷ ಕಂಪನಿಯ ಹೆಚ್ಚುವರಿ ಹಣ ಅದರ ಮುಂದೆ ಏನೂ ಅಲ್ಲ, ಚೀಲ ಪೇಟೆಗೇ ಹೋಗುತ್ತವೆ. ಇದನ್ನು ರೈತರ ಮೋಸ ಎನ್ನುವುದು ಅನ್ಯಾಯ.

ಅದಕ್ಕಿಂತ ಗಟ್ಟಿ ಕಟ್ಟು ಸಾಲದ್ದು. ಬಿತ್ತನೆಗೆ ದಲಾಲಿ ಅಂಗಡಿಯ ಮುಂಗಡ, ಔಷಧಕ್ಕೆ ಗೊಬ್ಬರದಂಗಡಿಯ ಉದ್ರಿ. ಉದ್ರಿ ಕೊಟ್ಟವರು ಹೇಳಿದ ಡಬ್ಬಿಯೇ ಹೊಲಕ್ಕೆ ಬರುತ್ತದೆ, ಮುಂಗಡ ಕೊಟ್ಟವರ ಅಂಗಡಿಗೇ ಮಾಲು ಹೋಗುತ್ತದೆ. ಜೂನ್‌ನಲ್ಲಿ ಬೀಜ, ಬಂಡವಾಳದ ದಾರಿ ತೋರಿಸದೆ ಜನವರಿಯಲ್ಲಿ ಹೆಚ್ಚು ಬೆಲೆ ಕೊಡುತ್ತೇವೆ ಎಂದರೆ ಯಾರೂ ನಂಬುವುದಿಲ್ಲ.

ರೈತರನ್ನು ಗುಂಪಿನಲ್ಲಿ ಉಳಿಸುವುದು ಔಷಧದ ಖರ್ಚಿನ ಇಳಿಕೆ. ಆದರೆ ಅದು ಮೊದಲ ಹಂಗಾಮಿನಲ್ಲೇ ಕಾಣಬೇಕು. ಅದಕ್ಕೆ ದಾರಿ ಇವು: ಎಕರೆಗೆ 25–30 ನೀಲಿ ಅಂಟುಬಲೆ, ಸುತ್ತ ಎರಡು-ಮೂರು ಸಾಲು ಗೋವಿನಜೋಳ, ಲೀಟರಿಗೆ 3 ಮಿಲಿ ಬೇವಿನೆಣ್ಣೆ, ಯೂರಿಯಾಕ್ಕೆ ಕಡಿವಾಣ. ಕಪ್ಪು ಥ್ರಿಪ್ಸ್ ಎಂಬ ನುಸಿ 2021ರಲ್ಲಿ ದಕ್ಷಿಣದ ಮೆಣಸಿನ ಹೊಲಗಳಿಗೆ ನುಗ್ಗಿದ ಮೇಲೆ ಹೆದರಿಕೆ ಹೆಚ್ಚಾಗಿದೆ. ಮೂರು ಔಷಧ ಬೆರೆಸಿ ವಾರಕ್ಕೊಮ್ಮೆ ಹೊಡೆಯುವವರಿದ್ದಾರೆ. ಪೈರೆಥ್ರಾಯಿಡ್ ಗುಂಪಿನ ಕೀಟನಾಶಕ ಹೊಡೆದರಂತೂ ಮಿತ್ರಕೀಟ ಸತ್ತು ನುಸಿ ಮತ್ತಷ್ಟು ಏಳುತ್ತದೆ. ಹೂವಿನಲ್ಲಿ ನುಸಿ ಕಂಡ ದಿನವೇ ಹೊಲಕ್ಕೆ ಬಂದು ನಿಲ್ಲುವ ಕ್ಷೇತ್ರ ಸಹಾಯಕರಿಲ್ಲದಿದ್ದರೆ ಸಂಜೆಗೆ ಪಂಪು ಹೆಗಲೇರುತ್ತದೆ.

ಪ್ರಾಮಾಣಿಕವಾಗಿ ನಡೆದರೂ ಮಾಲಿನ ಮಾದರಿ ಉಳಿಕೆ ಪರೀಕ್ಷೆಯಲ್ಲಿ ಫೇಲಾಗುವುದುಂಟು. ‘ಜೈವಿಕ’ ಎಂಬ ಚೀಟಿಯ ಬಾಟಲಿಯಲ್ಲಿ ರಾಸಾಯನಿಕ ಬೆರೆತಿರುತ್ತದೆ, ಪಕ್ಕದ ಹೊಲದ ಸಿಂಪಡಣೆ ಗಾಳಿಗೆ ಬರುತ್ತದೆ. ಒಂದೇ ಗಿಡದಲ್ಲಿ ಹೂವೂ ಹಣ್ಣೂ ಇರುವುದರಿಂದ ಔಷಧ ಹೊಡೆದ ಮೇಲೆ ಕಾಯಬೇಕಾದ ದಿನ ಕಾಯದೆ ಬಿಡಿಸಿಬಿಡುತ್ತಾರೆ. ಯುರೋಪಿನಲ್ಲಿ ಪ್ರತ್ಯೇಕ ಮಿತಿಯಿಲ್ಲದ ಕೀಟನಾಶಕಕ್ಕೆ ಕಿಲೋಗೆ 0.01 ಮಿಲಿಗ್ರಾಂ ಸಾಮಾನ್ಯ ಮಿತಿ. ಇಷ್ಟು ಬಿಗಿ ಅಳತೆಯ ಅಪಾಯವನ್ನೆಲ್ಲ ಎರಡೆಕರೆಯವರ ತಲೆಗೆ ಕಟ್ಟಿದರೆ ಅವರು ಮರುವರ್ಷ ಸಹಿ ಹಾಕುವುದಿಲ್ಲ.

ಹಾಗಾಗಿ ಒಪ್ಪಂದದಲ್ಲಿ ಮೊದಲು ಬರೆಯಬೇಕಾದದ್ದು ಪರೀಕ್ಷೆಯ ಖರ್ಚು ಕಂಪನಿಯದು ಎಂದು. ಮೊದಲ ಬಿಡಿಸುವಿಕೆಯಲ್ಲೇ ಹೊಲವಾರು ಮಾದರಿ ತೆಗೆದು, ಚೀಲಕ್ಕೆ ಹೊಲದ ಸಂಖ್ಯೆ ಕಟ್ಟಬೇಕು. ಒಬ್ಬರ ಮಾಲು ಮಿತಿ ಮೀರಿದರೆ ಗುಂಪಿನ ಮಿಕ್ಕವರ ದುಡ್ಡು ತಡೆಯಬಾರದು. ಯಾವ ಔಷಧ ಎಷ್ಟು ಸಿಕ್ಕಿತು ಎಂಬ ವರದಿ ಕನ್ನಡದಲ್ಲಿ, ಎರಡನೆಯ ಬಿಡಿಸುವಿಕೆಗೆ ಮೊದಲೇ ರೈತರ ಕೈ ಸೇರಬೇಕು.