ಆತಕೂರು ಶಾಸನ: ಮಣಲೇರನ ನಾಯಿ ಕಾಳಿಯ ಕಲ್ಲನ್ನು ಓದುವ ಬಗೆ

ಆತಕೂರು ಶಾಸನ ಎಂದೊಡನೆ ನಮ್ಮಲ್ಲಿ ಹೆಚ್ಚಿನವರು ಪರೀಕ್ಷೆಯಲ್ಲಿ ಬರೆಯುವುದು ತಕ್ಕೋಲದ ಯುದ್ಧ (ರಾಷ್ಟ್ರಕೂಟರು ಗಂಗರೊಡನೆ ಸೇರಿ ಚೋಳರನ್ನು ಸೋಲಿಸಿದ ಕಾಳಗ), ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ, ಚೋಳ ರಾಜಾದಿತ್ಯನ ಸಾವು. ಇವೆಲ್ಲ ಶಾಸನದಲ್ಲಿ ಇವೆ, ನಿಜ. ಆದರೆ ಕಲ್ಲು ನೆಟ್ಟಿದ್ದು ರಾಜನಿಗಾಗಿ ಅಲ್ಲ, ಕಾಳಿ ಎಂಬ ನಾಯಿಗಾಗಿ. ಇಷ್ಟು ಮನಸ್ಸಿನಲ್ಲಿ ಇಟ್ಟುಕೊಂಡರೆ ಶಾಸನದ ಗೊಂದಲಗಳಲ್ಲಿ ಅರ್ಧ ತಾನಾಗಿ ಬಗೆಹರಿಯುತ್ತವೆ.

ಕಲ್ಲು ಸಿಕ್ಕಿದ್ದು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ. ಈಗ ಇರುವುದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ. ಹಳಗನ್ನಡದ ಅಕ್ಷರಗಳ ನಡುವೆ ಒಂದು ಉಬ್ಬುಶಿಲ್ಪವಿದೆ: ನಾಯಿ ಮತ್ತು ಕಾಡುಹಂದಿ ಎದುರುಬದುರಾಗಿ ಸೆಣಸುತ್ತಿವೆ. ಸಾಮಾನ್ಯ ವೀರಗಲ್ಲಿನಲ್ಲಿ ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ ಎಂದು ಮೂರು ಹಂತ ಇರುತ್ತದಲ್ಲ, ಆ ಏರ್ಪಾಡು ಇಲ್ಲಿಲ್ಲ. ನೋಡಲು ಹೋದವರು ಬರಹಕ್ಕಿಂತ ಮೊದಲು ಶಿಲ್ಪವನ್ನೇ ನೋಡಿ. ಯಾರ ಕಲ್ಲು ಎಂಬುದನ್ನು ಅದೇ ಹೇಳಿಬಿಡುತ್ತದೆ.

ಮೊದಲ ಭಾಗ: ಕಾಳಿ

ಮಣಲೇರ ಗಂಗರ ಇಮ್ಮಡಿ ಬೂತುಗನ ಕಡೆಯ ಪಡೆಯಾಳು, ಸಗರವಂಶದವನು. ಕೆಲವು ಪುಸ್ತಕಗಳಲ್ಲಿ ಮಣಲರತ ಎಂದಿರುತ್ತದೆ. ಇಬ್ಬರು ಬೇರೆ ಎಂದುಕೊಳ್ಳಬೇಡಿ. ತಕ್ಕೋಲದಲ್ಲಿ ಅವನು ಕಾದಿದ ಪರಿಗೆ ಒಡೆಯ ಮೆಚ್ಚಿ, ಬೇಕಾದ್ದನ್ನು ಬೇಡಿಕೊ ಎಂದ. ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿಯನ್ನು ದಯಪಾಲಿಸಿ ಎಂದು ಕೇಳಿ ಪಡೆದ. ಯುದ್ಧ ಗೆದ್ದುಕೊಟ್ಟವನು ಬೇಟೆನಾಯಿಯೊಂದನ್ನು ಬಹುಮಾನವಾಗಿ ಬೇಡಿದ ಎಂದರೆ ಆ ನಾಯಿಯ ಹೆಸರು ಆಗಲೇ ಎಷ್ಟಿದ್ದಿರಬೇಕು!

ಮುಂದೆ ಕೆಳಲೆನಾಡಿನ ಬೆಳತೂರಿನ ಪಡುವಲ ದಿಕ್ಕಿನ ಮೊರಡಿಯಲ್ಲಿ, ಎಂದರೆ ಕಲ್ಲುದಿಬ್ಬದಲ್ಲಿ, ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಕಾಳಿ ಸತ್ತದ್ದು ಬೇಟೆಯಲ್ಲಿ, ತಕ್ಕೋಲದ ರಣರಂಗದಲ್ಲಿ ಅಲ್ಲ. ಉತ್ತರ ಪತ್ರಿಕೆಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ. ಯುದ್ಧ, ನಾಯಿ, ವೀರಗಲ್ಲು ಮೂರೂ ಒಂದೇ ಕಡೆ ಬರುವುದರಿಂದ ಮನಸ್ಸು ಸುಲಭವಾಗಿ ಬೆಸೆದುಬಿಡುತ್ತದೆ.

ಆ ಸಾವಿಗಾಗಿ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನೆಡಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣು ಬಿಟ್ಟರು. ಇಲ್ಲಿ ಖಂಡುಗ ಎಂದರೆ ಅಷ್ಟು ಬಿತ್ತನೆಬೀಜ ಹಿಡಿಯುವ ನೆಲ. ಬೀಜದ ಅಳತೆಯಿಂದ ನೆಲ ಲೆಕ್ಕ ಹಾಕುವ ಪದ್ಧತಿ ಇದು, ಹಾಗಾಗಿ ಇಂತಿಷ್ಟು ಎಕರೆ ಎಂದು ಬರೆಯಲು ಹೋಗಬೇಡಿ. ಕೆರೆಯ ಕೆಳಗಿನದು ಎಂದರೆ ನೀರಾವರಿಯ ನೆಲ, ಬರಡು ಮೂಲೆಯಲ್ಲ. ಇನ್ನೂ ಒಂದು ಕಟ್ಟುಪಾಡು ಇದೆ: ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ, ಎಂದರೆ ಶೈವ ಅರ್ಚಕ, ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುತ್ತಾನೆ. ಆ ಭೂಮಿಯನ್ನು ಹಾಳುಮಾಡಿದವನಿಗೂ ಹಾಗೆಯೇ. ನಾಯಿಯ ಕಲ್ಲಿಗೆ ದಿನದ ಪೂಜೆ, ಅದರ ಖರ್ಚಿಗೆ ಗದ್ದೆ, ತಪ್ಪಿದರೆ ಶಾಪ ಎಂದು ಮನುಷ್ಯ ವೀರರ ಹಂತಕ್ಕೆ ಕಾಳಿಯನ್ನು ಏರಿಸಿದ್ದಾರೆ. ಈ ಶಾಸನದ ನಿಜವಾದ ಸಿರಿ ಇರುವುದು ಇಲ್ಲಿಯೇ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕಾಲ

ಶಕ 872, ಸೌಮ್ಯ ಸಂವತ್ಸರ. ಶಕಕ್ಕೆ 78 ಕೂಡಿಸಿ ಕ್ರಿ.ಶ. 950 ಎಂದು ಬರೆದರೆ ಸಂವತ್ಸರ ಕೂಡಿಬರುವುದಿಲ್ಲ. ಇಲ್ಲಿ 872 ಎಂಬುದು ಮುಗಿದ ವರ್ಷವಲ್ಲ, ನಡೆಯುತ್ತಿದ್ದ ವರ್ಷ. ಮುಗಿದವು 871. ಆದ್ದರಿಂದ 871ಕ್ಕೆ 78 ಕೂಡಿಸಿ, 949 ಬರುತ್ತದೆ. ತಾಳೆ ನೋಡಬೇಕಾದರೆ, ಪ್ರಭವ ಬಂದದ್ದು 1987ರಲ್ಲಿ. ಸೌಮ್ಯ 43ನೆಯದಾದ್ದರಿಂದ 2029ರಲ್ಲಿ ಬರುತ್ತದೆ. ಅಲ್ಲಿಂದ 60ರ 18 ಸುತ್ತು, ಅಂದರೆ 1080 ವರ್ಷ ಹಿಂದಕ್ಕೆ ಹೋದರೆ 949. ಯುಗಾದಿಯಿಂದ ಯುಗಾದಿಗೆ ಎಣಿಸಬೇಕಾದ್ದರಿಂದ 949–50 ಎಂದು ಬರೆಯುವುದು ಸರಿ.

ಎರಡನೆಯ ಭಾಗ: ಕೊಡುಗೆಗಳು

ಗಂಗ ದೊರೆ ಎರೆಯಪ್ಪನ ಮಗ ರಾಚಮಲ್ಲನನ್ನು ಕೊಂದು ಬೂತುಗ ಗಂಗವಾಡಿ 96,000ವನ್ನು ಆಳುತ್ತಿದ್ದ (ಇಂಥ ಸಂಖ್ಯೆಗಳು ನಾಡಿನ ಹೆಸರಿನ ಜೊತೆ ರೂಢಿಯಾಗಿ ಬರುವಂಥವು). ಅವನ ಹೆಂಡತಿ ರೇವಕನಿಮ್ಮಡಿ ಕೃಷ್ಣನ ಅಕ್ಕ, ಹಾಗಾಗಿ ಭಾವ–ಮೈದುನರ ಒಡನಾಟ ಇದು (ಈ ನಂಟಿನ ವಿವರ ಬೇರೆ ಶಾಸನಗಳದ್ದು). ರಾಜಾದಿತ್ಯನನ್ನು ಕೊಂದದ್ದಕ್ಕೆ ಕೃಷ್ಣ ಬೂತುಗನಿಗೆ ಬನವಾಸಿ 12,000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಕೊಟ್ಟ. ತನ್ನ ಮುಂದೆ ನಿಂತು ಇರಿದದ್ದಕ್ಕೆ ಮೆಚ್ಚಿ ಬೂತುಗ ಮಣಲೇರನಿಗೆ ಆತಕೂರು 12ನ್ನೂ ಬೆಳ್ವೊಲದ ಕೋಟೆಯೂರನ್ನೂ ಬಾಳ್ಗಚ್ಚಾಗಿ ಕೊಟ್ಟ. ಬಾಳ್ಗಚ್ಚು ಎಂದರೆ ವೀರನ ಕತ್ತಿ ತೊಳೆದು ಕೊಡುವ ಕೊಡುಗೆ. ಈ 12 ಊರುಗಳ ಗುಂಪು ಮಣಲೇರನದು, ಎರಡು ಖಂಡುಗ ಕಾಳಿಯ ಕಲ್ಲಿನದು. ಎರಡನ್ನೂ ಬೆರೆಸಬೇಡಿ. ಕಾಳಿಯ ಕಲ್ಲು ಆತಕೂರಿನಲ್ಲೇ ಏಕೆ ನಿಂತಿತು ಎಂಬುದಕ್ಕೆ ಉತ್ತರವೂ ಇಲ್ಲಿದೆ: ಅದು ಮಣಲೇರನಿಗೆ ಬಂದ ಊರು.

ರಾಜಾದಿತ್ಯನನ್ನು ಕೊಂದವರು ಯಾರು? ಶಾಸನದ ಮೊದಲ ಭಾಗ ಕೃಷ್ಣ ಎನ್ನುತ್ತದೆ, ಎರಡನೆಯದು ಬೂತುಗ ಎನ್ನುತ್ತದೆ. ಇದನ್ನು ವಿರೋಧವೆಂದು ಬರೆಯಬೇಕಾಗಿಲ್ಲ. ಸೇನೆಯ ಗೆಲುವು ಚಕ್ರವರ್ತಿಯ ಹೆಸರಿಗೆ, ಕೈಯಾರೆ ಇರಿದದ್ದು ಬೂತುಗನ ಲೆಕ್ಕಕ್ಕೆ. ಆದರೆ ಹಳೆಯ ಪುಸ್ತಕಗಳಲ್ಲಿ ಬೂತುಗ ಮೋಸದಿಂದ ಕೊಂದ ಎಂಬ ಮಾತು ಸಿಕ್ಕರೆ ಎಚ್ಚರ. ಶಾಸನದ ‘ಬಿಸುಗೆಯೆ ಕಳನಾಗಿ’ ಎಂಬ ಮಾತನ್ನು ಮೊದಮೊದಲು ಓದಿದ ವಿದ್ವಾಂಸರು ‘ಕಳನಾಗಿ’ ಎಂಬಲ್ಲಿ ‘ಕಳ್ಳನಾಗಿ’ ಎಂಬ ಅರ್ಥ ಹಿಡಿದದ್ದರಿಂದ ಬಂದ ಆರೋಪ ಅದು. ಬಿಸುಗೆ ಎಂದರೆ ಆನೆಯ ಮೇಲಿನ ಅಂಬಾರಿ, ಕಳ ಎಂದರೆ ಯುದ್ಧಭೂಮಿ. ಅಂಬಾರಿಯನ್ನೇ ಕಣವಾಗಿಸಿಕೊಂಡು ಸುರಗಿಯಿಂದ, ಎಂದರೆ ಕಿರುಗತ್ತಿಯಿಂದ, ಇರಿದ ಎಂಬುದು ತಿದ್ದಿದ ಪಾಠ. ಚೋಳರ ಶಾಸನಗಳೂ ರಾಜಾದಿತ್ಯನನ್ನು ಆನೆಯ ಮೇಲೆ ಮಡಿದ ದೊರೆ ಎಂದೇ ಕರೆಯುವುದರಿಂದ, ಗೆದ್ದವರ ಕಲ್ಲೂ ಸೋತವರ ದಾಖಲೆಯೂ ಇಲ್ಲಿ ಒಂದಕ್ಕೊಂದು ಹೊಂದುತ್ತವೆ.