ಭಾವನಿಗೆ ಮೊದಲ ವಿಸ್ಕಿ: ಯಾವ ಬಾಟಲಿ ಕೊಡಲಿ?

ಪ್ರಶ್ನೆ: ನಮ್ಮ ಭಾವನಿಗೆ ಮುಂದಿನ ತಿಂಗಳು 40 ತುಂಬುತ್ತದೆ. ಇಷ್ಟು ದಿನ ಬೀರ್ ಬಿಟ್ಟು ಬೇರೇನೂ ಮುಟ್ಟಿದವರಲ್ಲ. ಈಗ “ಒಂದು ಒಳ್ಳೇ ವಿಸ್ಕಿ ರುಚಿ ನೋಡಬೇಕು” ಅನ್ನುತ್ತಿದ್ದಾರೆ. ನನಗೆ ವಿಸ್ಕಿ ಬಗ್ಗೆ ಏನೂ ಗೊತ್ತಿಲ್ಲ. ಗಂಟಲು ಸುಡದ, ಸ್ಮೂತ್ ಆಗಿರುವ ಬಾಟಲಿ ಯಾವುದು? ಜಾಸ್ತಿ ದುಡ್ಡು ಕೊಟ್ಟರೆ ಸ್ಮೂತ್ ಇರುತ್ತದೆ, ಅಲ್ವಾ?

ಇಲ್ಲ. ಇದೇ ಲೆಕ್ಕ ಹಾಕಿ ನಾನೊಮ್ಮೆ ಪೆಚ್ಚಾಗಿದ್ದೇನೆ. ಸೋದರಮಾವ ರಿಟೈರ್ ಆದಾಗ ಅಂಗಡಿಯಲ್ಲಿ ಕಣ್ಣಿಗೆ ಬಿದ್ದ ದುಬಾರಿ ಸ್ಕಾಚ್ (ಸ್ಕಾಟ್ಲೆಂಡಿನ ವಿಸ್ಕಿ) ಒಂದನ್ನು ತಂದು ಕೊಟ್ಟೆ. ಮಾವ ಒಂದು ಗುಟುಕು ಕುಡಿದರು. ಲೋಟ ಕೆಳಗಿಟ್ಟರು. “ಏನೋ ಇದು, ಆಸ್ಪತ್ರೆ ವಾರ್ಡಿಗೆ ಬಂದ ಹಾಗಿದೆ” ಅಂದರು. ಅತ್ತೆ ಆ ಬಾಟಲಿಯನ್ನು ಅಟ್ಟಕ್ಕೆ ಏರಿಸಿದರು.

ಮಾವ ಹೇಳಿದ್ದು ಸರಿಯಾಗಿಯೇ ಇತ್ತು. ವಿಸ್ಕಿಗೆ ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸುತ್ತಾರೆ. ಸ್ಕಾಟ್ಲೆಂಡಿನ ಕೆಲವು ಕಡೆ, ಅದರಲ್ಲೂ ಐಲಾ ದ್ವೀಪದಲ್ಲಿ, ಒಣಗಿಸುವಾಗ ಪೀಟ್ ಉರಿಸುತ್ತಾರೆ. ಪೀಟ್ ಅಂದರೆ ಜೌಗು ನೆಲದಲ್ಲಿ ಸಾವಿರಾರು ವರ್ಷ ಅರೆಬರೆ ಕೊಳೆತ ಗಿಡಗಳ ಗಟ್ಟಿ ಪದರ. ಅದರ ಹೊಗೆಯಲ್ಲಿರುವ ಫೀನಾಲ್‌ಗಳು ಕಾಳಿಗೆ ಹತ್ತಿಕೊಂಡು ಬಾಟಲಿಯವರೆಗೂ ಬರುತ್ತವೆ. ಹಿಂದಿನ ಕಾಲದ ಆಸ್ಪತ್ರೆಗಳಲ್ಲಿ ಕ್ರಿಮಿ ಕೊಲ್ಲಲು ಬಳಸುತ್ತಿದ್ದ ಕಾರ್ಬಾಲಿಕ್ ಆಸಿಡ್ ಕೂಡ ಫೀನಾಲೇ. ಅಭ್ಯಾಸ ಆದವರು ಆ ವಾಸನೆಗೆ ಪ್ರಾಣ ಬಿಡುತ್ತಾರೆ. ಮೊದಲ ಸಲ ಕುಡಿಯುವವರು ಬಾಟಲಿಯನ್ನೇ ಬಿಡುತ್ತಾರೆ. ಹಾಗಾಗಿ ಲಫ್ರಾಯ್ಗ್, ಆರ್ಡ್‌ಬೆಗ್, ಲಗಾವುಲಿನ್ ಎಂಬ ಹೆಸರು ಕಂಡರೆ ಎಷ್ಟೇ ಚೆಂದದ ಡಬ್ಬಿಯಿರಲಿ, ಈ ಸಲಕ್ಕೆ ಬೇಡ. ಲೇಬಲ್ ಮೇಲೆ ‘ಪೀಟೆಡ್’ ಅಂತಿದ್ದರೂ ಅಷ್ಟೇ.

ಇನ್ನು ಗಂಟಲು ಸುಡುವ ವಿಷಯ. ಲೇಬಲ್ಲಿನ ಮೂಲೆಯಲ್ಲಿ ಆಲ್ಕೋಹಾಲ್ ಪ್ರಮಾಣ ಇರುತ್ತದೆ. ಸ್ಕಾಚ್ ಆದರೆ 40%ಗಿಂತ ಕಡಿಮೆ ಇರುವಂತಿಲ್ಲ. ನಮ್ಮ ಸಾಮಾನ್ಯ ವಿಸ್ಕಿಗಳು 42.8%. ಬೀರಿನ 5%ನಿಂದ ಬರುವವರಿಗೆ ಇದೇ ದೊಡ್ಡ ನೆಗೆತ. 40ರಿಂದ 43ರೊಳಗೆ ನಿಲ್ಲಿಸಿಕೊಳ್ಳಿ. ಬೆಂಗಳೂರಿನ ಅಮೃತ್ ಫ್ಯೂಷನ್ ವಿಸ್ಕಿಯನ್ನು 2010ರಲ್ಲಿ ಜಿಮ್ ಮರ್ರೆ ಎಂಬ ವಿಮರ್ಶಕ ಜಗತ್ತಿನ ಮೂರನೇ ಅತ್ಯುತ್ತಮ ವಿಸ್ಕಿ ಎಂದು ಕರೆದಿದ್ದರು. ನನಗೂ ಅದು ತುಂಬ ಇಷ್ಟ. ಆದರೆ ಅದು 50%, ಜೊತೆಗೆ ಸ್ವಲ್ಪ ಪೀಟ್ ಬಾರ್ಲಿಯೂ ಇದೆ. ನಮ್ಮೂರ ಹೆಮ್ಮೆ ಅಂತ ಅದನ್ನೇ ಮೊದಲ ಬಾಟಲಿ ಮಾಡಬೇಡಿ.

ವಿಸ್ಕಿ ಹಗುರವಾಗುವುದಕ್ಕೆ ಬಟ್ಟಿ ಇಳಿಸುವ ರೀತಿಯೂ ಕಾರಣ. ಇಡ್ಲಿ ಪಾತ್ರೆಯಲ್ಲಿ ಆವಿ ಮೇಲೇರಿ ಮುಚ್ಚಳಕ್ಕೆ ತಾಗಿ ಹನಿಯಾಗಿ ಕೆಳಗೆ ಬೀಳುತ್ತದಲ್ಲ, ತಾಮ್ರದ ಹಂಡೆಯಲ್ಲೂ ಹಾಗೇ. ಹಂಡೆಯ ಕತ್ತು ಉದ್ದ ಇದ್ದಷ್ಟೂ ಭಾರದ, ಎಣ್ಣೆಯಂಥ ಅಂಶಗಳು ಅರ್ಧ ದಾರಿಯಲ್ಲೇ ಹನಿಯಾಗಿ ವಾಪಸ್ ಬೀಳುತ್ತವೆ. ಹಗುರವಾದದ್ದು ಮಾತ್ರ ಆಚೆ ದಾಟುತ್ತದೆ. ಸ್ಕಾಟ್ಲೆಂಡಿನ ಗ್ಲೆನ್‌ಮೊರಂಜಿಯವರ ಹಂಡೆಗಳ ಕತ್ತು 5 ಮೀಟರಿಗೂ ಎತ್ತರ. ಜಿರಾಫೆಗೆ ಹೋಲಿಸಿ ಅವರೇ ಜಂಬ ಪಡುತ್ತಾರೆ. ಐರ್ಲೆಂಡಿನ ಜೇಮ್ಸನ್‌ನವರದು ಬೇರೆ ದಾರಿ. ಎರಡರ ಬದಲು ಮೂರು ಸಲ ಬಟ್ಟಿ ಇಳಿಸುತ್ತಾರೆ.

ಹಾಗಾದರೆ ಯಾವುದು? 40ನೇ ಹುಟ್ಟುಹಬ್ಬ, ಸ್ವಲ್ಪ ಕೈ ಬಿಚ್ಚುತ್ತೀರಿ ಅಂದರೆ ನಾನು ಗ್ಲೆನ್‌ಮೊರಂಜಿ ಒರಿಜಿನಲ್ ತರುತ್ತಿದ್ದೆ. ಕಿತ್ತಳೆ ಸಿಪ್ಪೆ, ಜೇನು, ವೆನಿಲ್ಲಾ ನೆನಪಿಸುವ ರುಚಿ, ಹೊಗೆಯ ಸುಳಿವಿಲ್ಲ. ಅದು ಸಿಗದಿದ್ದರೆ ಗ್ಲೆನ್‌ಲಿವೆಟ್ 12. ಬೆಲೆ ಸ್ವಲ್ಪ ಇಳಿಯಬೇಕು ಅಂದರೆ ಪಾಲ್ ಜಾನ್ ನಿರ್ವಾಣ. ಬೆಂಗಳೂರಿನ ಕಂಪನಿ, ಗೋವಾದಲ್ಲಿ ಬಟ್ಟಿ ಇಳಿಸಿದ ಸಿಂಗಲ್ ಮಾಲ್ಟ್ (ಒಂದೇ ಕಡೆ, ಮೊಳಕೆ ಬರಿಸಿದ ಬಾರ್ಲಿಯಿಂದಷ್ಟೇ ಮಾಡಿದ್ದು), 40%, ಕ್ಯಾರಮೆಲ್‌ನಂಥ ಸಿಹಿ. ಆಮದಾದ ಸ್ಕಾಚ್ ಮಾಲ್ಟ್‌ಗಿಂತ ಸಾಮಾನ್ಯವಾಗಿ ಅಗ್ಗ. ಭಾವ ಸೋಡಾ ಬೆರೆಸಿಯೇ ಕುಡಿಯುವವರು ಅನ್ನಿಸಿದರೆ ಜೇಮ್ಸನ್ ಸಾಕು, ದುಬಾರಿ ಮಾಲ್ಟ್ ಸುಮ್ನೆ ದಂಡ.

ಅಂಗಡಿಯವರು “ಸಾರ್, 18 ವರ್ಷದ್ದು ತಗೊಳ್ಳಿ, ಬೆಣ್ಣೆ ಥರ ಇರುತ್ತೆ” ಅನ್ನಬಹುದು. ವರ್ಷ ಅಂದರೆ ಆ ಬಾಟಲಿಯಲ್ಲಿ ಬೆರೆತಿರುವ ಅತಿ ಎಳೆಯ ವಿಸ್ಕಿ ಮರದ ಪೀಪಾಯಿಯಲ್ಲಿ ಕಳೆದ ಕಾಲ. 16 ವರ್ಷ ಕಳೆದ ಲಗಾವುಲಿನ್ ಕೂಡ ಹೊಗೆಯಾಡುತ್ತಲೇ ಇರುತ್ತದೆ. ಇನ್ನು ನಮ್ಮ ಮಾಲ್ಟ್‌ಗಳ ಮೇಲೆ ಹೆಚ್ಚಾಗಿ ವರ್ಷವೇ ಇರುವುದಿಲ್ಲ. ಸ್ಕಾಟ್ಲೆಂಡಿನ ಪೀಪಾಯಿಯಿಂದ ವರ್ಷಕ್ಕೆ ಸುಮಾರು 2% ಆವಿಯಾಗಿ ಹೋದರೆ, ಬೆಂಗಳೂರಿನ ಹವೆಯಲ್ಲಿ 10%ಗೂ ಮೀರುತ್ತದೆ. ಸೆಕೆಗೆ ಮರದ ರುಚಿಯೂ ಬೇಗ ಇಳಿಯುತ್ತದೆ. ಇಲ್ಲಿ 12 ವರ್ಷ ಕಾದರೆ ಪೀಪಾಯಿಯಲ್ಲಿ ಅಷ್ಟೊಂದು ಉಳಿದಿರುವುದಿಲ್ಲ. ವರ್ಷ ಬರೆದಿಲ್ಲ ಅಂತ ಅನುಮಾನ ಪಡಬೇಡಿ.

ಬಾಟಲಿ ಜೊತೆಗೆ ಬಾಯಿ ಕಿರಿದಾದ ಎರಡು ಗ್ಲಾಸ್ ಇಟ್ಟು ಕೊಡಿ, ಮತ್ತೆ ಒಂದು ಮಾತು ಹೇಳಿ: ನೀರು ಹಾಕಿದರೆ ಅವಮಾನವಲ್ಲ. ಮುಂದೆಂದೋ 46%ನ ಬಾಟಲಿ ಕೈಗೆ ಬಂದರೆ, 60 ಮಿಲಿಲೀಟರ್ ಪೆಗ್ಗಿಗೆ ಎರಡು ಟೀ ಚಮಚ ನೀರು ಸಾಕು, ಹತ್ತಿರಹತ್ತಿರ 40ಕ್ಕೆ ಇಳಿಯುತ್ತದೆ. ಶುರುವಿಗೆ 30 ಮಿಲಿಲೀಟರ್, ಅದೂ ಊಟ ಅಥವಾ ಹುರಿಗಡಲೆಯ ಜೊತೆ. ಬೀರಿನ ಹಾಗೆ ಗಟಗಟ ಎತ್ತಿದರೆ ಯಾವ ವಿಸ್ಕಿಯೂ ಸುಡುತ್ತದೆ. ಭಾವ ಬಿಪಿಗೋ ಶುಗರ್‌ಗೋ ಮಾತ್ರೆ ತಗೊಳ್ಳುತ್ತಿದ್ದರೆ ಅಕ್ಕನನ್ನು ಮೊದಲೇ ಒಂದು ಮಾತು ಕೇಳಿ. ಬಾಟಲಿಯನ್ನು ನಿಲ್ಲಿಸಿಯೇ ಇಡಲಿ. ಮಲಗಿಸಿದರೆ ಆಲ್ಕೋಹಾಲ್ ಕಾರ್ಕನ್ನು ತಿನ್ನುತ್ತದೆ.

ಅಂದ ಹಾಗೆ, ಮಾವ ಆ ಬಾಟಲಿಯನ್ನು ಮೂರು ವರ್ಷದ ಮೇಲೆ ಅಟ್ಟದಿಂದ ಇಳಿಸಿದರು. ಅಷ್ಟರಲ್ಲಿ ನಾಲ್ಕಾರು ಬೇರೆ ವಿಸ್ಕಿ ಕುಡಿದು ನಾಲಿಗೆ ಪಳಗಿತ್ತು. ಈಗ ನಾನು ಹೋದರೆ ಅದರಲ್ಲಿ ಒಂದು ಗುಟುಕೂ ಕೊಡುವುದಿಲ್ಲ.