ಪದ ಪರಿಚಯ: ಪಲ್ಲಟಗೊಂಡ ಸಿಟ್ಟು

ತಂಗಿ ಕೇಳಿದ್ದು ಒಂದು ರಬ್ಬರ್. ಹತ್ತನೇ ತರಗತಿಯ ಅಣ್ಣ ಕಂಪಾಸ್ ಬಾಕ್ಸನ್ನೇ ಗೋಡೆಗೆ ಬೀಸಿದ. ಮನೆಯವರಿಗೆ ಕಂಡದ್ದು ಇಷ್ಟೇ. ಬೆಳಿಗ್ಗೆ ಗಣಿತದ ಪೇಪರ್ ಕೊಡುವಾಗ ಮೇಷ್ಟ್ರು ಅವನ ಅಂಕವನ್ನು ಇಡೀ ತರಗತಿಗೆ ಕೇಳುವಂತೆ ಓದಿದ್ದು, ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕಿದ್ದು ಅವರಿಗೆ ಗೊತ್ತಿಲ್ಲ.

ಮನೋವಿಜ್ಞಾನದಲ್ಲಿ ಇದಕ್ಕೆ 'ಡಿಸ್‌ಪ್ಲೇಸ್ಡ್ ಅಗ್ರೆಶನ್' ಎನ್ನುತ್ತಾರೆ. ಪಲ್ಲಟಗೊಂಡ ಆಕ್ರಮಣಶೀಲತೆ ಎನ್ನಹೋದರೆ ನಾಲಿಗೆ ತೊಡರುತ್ತದೆ. ನಮ್ಮ ಗಾದೆಯೇ ವಾಸಿ: ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಸಿಟ್ಟು ಬರಿಸಿದವರ ಕೈಯಲ್ಲಿ ಅಂಕವಿದೆ, ಅಧಿಕಾರವಿದೆ, ಅವರಿಗೆ ಎದುರಾಡುವಂತಿಲ್ಲ. ಹಾಗಾಗಿ ಅದು ತಿರುಗಿ ಬೀಳಲಾರದವರ ಮೇಲೆ ಇಳಿಯುತ್ತದೆ. ಇನ್ನು ಪರೀಕ್ಷೆಗೆ ಮುಖವೇ ಇಲ್ಲ, ಬಯ್ಯುವುದಾದರೂ ಯಾರನ್ನು?

1939ರಲ್ಲಿ ಯೇಲ್ ವಿಶ್ವವಿದ್ಯಾಲಯದ ಜಾನ್ ಡಾಲರ್ಡ್, ನೀಲ್ ಮಿಲ್ಲರ್ ಮೊದಲಾದ ಐವರು, ಹತಾಶೆಯಿದ್ದಲ್ಲಿ ಆಕ್ರಮಣ ಇದ್ದೇ ಇರುತ್ತದೆ ಎಂದು ವಾದಿಸಿದ್ದರು. ಮಾತು ಅತಿಯಾಯಿತೆಂದು ಮಿಲ್ಲರ್ ಅವರೇ 1941ರಲ್ಲಿ ತಿದ್ದಿದರು: ಹತಾಶೆಗೆ ಹಲವು ದಾರಿಗಳಿವೆ, ಆಕ್ರಮಣ ಅದರಲ್ಲೊಂದು. ಅಷ್ಟೇ ಅಂಕ ಬಂದ ಇನ್ನೊಬ್ಬ ಹುಡುಗಿ ಮುಸುಕೆಳೆದು ಮಲಗುತ್ತಾಳೆ. ಅವಳ ಒತ್ತಡವೇನೂ ಕಡಿಮೆಯದಲ್ಲ, ಸದ್ದಿಲ್ಲ ಅಷ್ಟೆ.

ಹದಿಹರೆಯದಲ್ಲೇ ಇದು ಜಾಸ್ತಿ ಕಾಣುವುದಕ್ಕೆ ಕಾರಣವಿದೆ. 'ತಡಿ' ಎಂದು ನಮ್ಮನ್ನು ತಡೆಯುವ ಮಿದುಳಿನ ಮುಂಭಾಗ ಇಪ್ಪತ್ತರ ನಡುವಿನವರೆಗೂ ಬಲಿಯುತ್ತಲೇ ಇರುತ್ತದೆ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಪರೀಕ್ಷೆ ಹತ್ತಿರವಾದಾಗ ಕತ್ತರಿ ಬೀಳುವುದು ಮೊದಲು ಅದಕ್ಕೇ. ನಿದ್ದೆಗೆಟ್ಟವರಿಗೆ ಸಣ್ಣ ಮಾತೂ ಚುಚ್ಚುತ್ತದೆ.

ಸರಿ, ಬೆಳಗಿನ ಸಿಟ್ಟು ಸಂಜೆವರೆಗೆ ಆರದೆ ಉಳಿಯುವುದು ಹೇಗೆ? ಮೆಲುಕು ಹಾಕುವುದರಿಂದ. ಮನೋವಿಜ್ಞಾನಿ ಬ್ರಾಡ್ ಬುಶ್ಮನ್ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕೆಣಕಿಸಿಕೊಂಡದ್ದನ್ನೇ ನೆನೆನೆನೆದು ಕೂತವರು ಆಮೇಲೆ ಯಾರೋ ಮಾಡಿದ ಚಿಕ್ಕ ತಪ್ಪಿಗೂ ಹೆಚ್ಚು ಉರಿದುಬಿದ್ದರು. ದಿಂಬು ಗುದ್ದಿ ಸಿಟ್ಟು ಇಳಿಸಿಕೋ ಎಂಬ ಜನಪ್ರಿಯ ಸಲಹೆಯೂ ಇಲ್ಲಿ ಕೈಕೊಡುತ್ತದೆ. ಬುಶ್ಮನ್ ಅವರದೇ 2002ರ ಪ್ರಯೋಗದಲ್ಲಿ, ಕೆಣಕಿದವರನ್ನು ನೆನೆಯುತ್ತ ಪಂಚಿಂಗ್ ಬ್ಯಾಗ್ ಗುದ್ದಿದವರಿಗೆ ಸುಮ್ಮನೆ ಕೂತವರಿಗಿಂತ ಹೆಚ್ಚು ಸಿಟ್ಟಿತ್ತು.

'ರಬ್ಬರ್ ಕೇಳಿದ್ದಕ್ಕೆ ಇಷ್ಟೊಂದಾ?' ಎಂದು ಅಮ್ಮ ಗದರಿದರೆ ಹುಡುಗನ ಬಳಿ ಉತ್ತರವಿರುವುದಿಲ್ಲ. 'ಇವತ್ತು ಪೇಪರ್ ಕೊಟ್ರೇನೋ?' ಎಂದರೆ ಇರುತ್ತದೆ.